ಓದುಗರ ಪ್ರಶ್ನೆ: ರಾಕ್ ಬ್ಯಾಂಡಿನಲ್ಲಿ ಹವಾಯಿಯನ್ ಗಿಟಾರೇ?

ಪ್ರಶ್ನೆ: ನನ್ನ ಮಗ ‘ಫ್ಲೈಯಿಂಗ್ ಬರಿಟೊ ಬ್ರದರ್ಸ್’ ಎಂಬ ಅಮೆರಿಕದ ಬ್ಯಾಂಡಿನ ಹಾಡುಗಳನ್ನು ಆಗಾಗ ಹಾಕುತ್ತಿರುತ್ತಾನೆ. ಇದು ಕಂಟ್ರಿ ರಾಕ್ ಎಂದು ಅವನು ಹೇಳುತ್ತಾನೆ. ನನಗೆ ಮಾತ್ರ ಅದರಲ್ಲಿ ಹಿಂದೆ ರೇಡಿಯೊದಲ್ಲಿ ಕೇಳುತ್ತಿದ್ದ ಹವಾಯಿಯನ್ ಗಿಟಾರಿನ ನಾದವೇ ಕೇಳಿಸುತ್ತದೆ. ಇದು ನನ್ನ ಭ್ರಮೆಯೇ? ಈ ಸಂಗೀತದ ಮೂಲ ಯಾವುದು?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಖಂಡಿತ ಭ್ರಮೆಯಲ್ಲ. ಮುಂಬಯಿಯ ವಾನ್ ಶಿಪ್ಲೆ ಅವರು ಹಿಂದಿ ಚಿತ್ರಗೀತೆಗಳನ್ನು ನುಡಿಸುತ್ತಿದ್ದ ಹವಾಯಿಯನ್ ಗಿಟಾರು ಮತ್ತು ನಿಮ್ಮ ಮಗ ಕೇಳುತ್ತಿರುವ, ಕಾಲಿನಿಂದ ಒತ್ತುವ ಪೆಡಲ್‌ಗಳಿರುವ ಪೆಡಲ್ ಸ್ಟೀಲ್ ಗಿಟಾರು ಒಂದೇ ಮನೆತನದ ವಾದ್ಯಗಳು. ತಂತಿಗಳ ಮೇಲೆ ಲೋಹದ ಸರಳನ್ನು ಜಾರಿಸಿ ನುಡಿಸುವ ಕ್ರಮ ಹವಾಯಿ ದ್ವೀಪಗಳಲ್ಲಿ ಹುಟ್ಟಿ, ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ‘ಕಂಟ್ರಿ’ಯನ್ನೂ ನಮ್ಮ ಚಿತ್ರಸಂಗೀತವನ್ನೂ ಸೇರಿತು.

ಆದರೆ ಪೆಡಲ್ ಸ್ಟೀಲಿನಲ್ಲಿ ಇನ್ನೊಂದು ಸೊಗಸಿದೆ. ಸರಳು ಜಾರಿದಾಗ ಅದರ ಕೆಳಗಿನ ತಂತಿಗಳೆಲ್ಲ ಒಟ್ಟಿಗೇ ಜಾರುತ್ತವೆ. ಪೆಡಲ್ ಒತ್ತಿದಾಗಲಾದರೋ ಬೇಕಾದ ತಂತಿ ಮಾತ್ರ ಬಿಗಿಯಾಗುತ್ತದೆ. ಸ, ಗ, ಪ ಮೂರೂ ಒಟ್ಟಿಗೆ ನುಡಿಯುತ್ತಿರುವಾಗ ಷಡ್ಜ ನಿಂತಲ್ಲೇ ನಿಂತು, ಗಾಂಧಾರವು ಮಧ್ಯಮಕ್ಕೂ ಪಂಚಮವು ಧೈವತಕ್ಕೂ ಮೆಲ್ಲನೆ ಏರುವುದನ್ನು ಊಹಿಸಿಕೊಳ್ಳಿ. ನಮ್ಮಲ್ಲಿ ಒಂದೇ ಸ್ವರಧಾರೆಯಲ್ಲಿ ಕೇಳುವ ಮೀಂಡನ್ನು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದನ್ನು, ಇಲ್ಲಿ ಸ್ವರಮೇಳದ ಒಳಗೇ ಕೇಳುತ್ತೇವೆ. ಕಂಟ್ರಿ ಹಾಡಿನ ಅಳುವಿನಂಥ ಧ್ವನಿಯ ಗುಟ್ಟು ಇದೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಬ್ಯಾಂಡಿನ ವಿಚಾರ. ಗ್ರಾಮ್ ಪಾರ್ಸನ್ಸ್ ಮತ್ತು ಕ್ರಿಸ್ ಹಿಲ್‌ಮನ್ ಇಬ್ಬರೂ ‘ದಿ ಬರ್ಡ್ಸ್’ ಎಂಬ ಅಮೆರಿಕದ ರಾಕ್ ತಂಡದಲ್ಲಿದ್ದು, 1968ರಲ್ಲಿ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಆಲ್ಬಮ್ಮನ್ನು ಮಾಡಿ ಹೊರಬಂದವರು. ಅವರು ಕಟ್ಟಿದ ಹೊಸ ತಂಡವೇ ಫ್ಲೈಯಿಂಗ್ ಬರಿಟೊ ಬ್ರದರ್ಸ್; ಅದರ ಮೊದಲ ಆಲ್ಬಮ್ ‘ದಿ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್’ 1969ರಲ್ಲಿ ಬಂದಿತು. ಹಿಲ್‌ಮನ್ ಮೊದಲು ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳೇ ಮುಖ್ಯವಾದ ಹಳ್ಳಿಸಂಗೀತದ ತಂಡಗಳಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಇಬ್ಬರೂ ಒಟ್ಟಿಗೆ ಹಾಡುವಾಗ ಎರಡು ದನಿಗಳು ಅಂಟಿಕೊಂಡಂತೆ ಸಾಗುವುದು ಅವರಿಗಿಂತ ಹಿಂದಿನ ಗಾಯಕರಾದ ಲೂವಿನ್ ಸಹೋದರರು ಮತ್ತು ಎವರ್ಲಿ ಸಹೋದರರ ಜೋಡಿಗಾಯನದ ಬಳುವಳಿ.

ಮತ್ತೊಂದು ಬೇರು ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ಪಟ್ಟಣದಲ್ಲಿದೆ. 1930ರ ದಶಕದಲ್ಲಿ ಬರಗಾಲಕ್ಕೆ ಸಿಕ್ಕಿ ಒಕ್ಲಹೋಮ, ಟೆಕ್ಸಾಸ್ ಕಡೆಗಳಿಂದ ಕೂಲಿಗೆಂದು ಆ ಸೀಮೆಗೆ ಬಂದವರು ತಮ್ಮ ಹಾಡುಗಳನ್ನೂ ಹೊತ್ತು ತಂದರು. ಹೋಟೆಲ್ ಕೆಲಸಕ್ಕೆ ಬಂದ ನಮ್ಮ ಕರಾವಳಿಯವರು ಮುಂಬಯಿಗೆ ಯಕ್ಷಗಾನವನ್ನೂ ತಂದರಲ್ಲವೇ, ಹಾಗೆ. ಬೇಕರ್ಸ್‌ಫೀಲ್ಡಿನಲ್ಲಿ ಗಾಯಕರಾದ ಬಕ್ ಓವೆನ್ಸ್ ಮತ್ತು ಮರ್ಲ್ ಹ್ಯಾಗರ್ಡ್ ಕಂಟ್ರಿ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರಿನ ಚೂಪನ್ನೂ ಡ್ರಮ್ಮಿನ ಕಸುವನ್ನೂ ಕೊಟ್ಟರು. ರಾಕ್ ಕಡೆಗೆ ಅರ್ಧ ದಾರಿ ಅಲ್ಲಿಯೇ ಸವೆದಿತ್ತು.

ಕಂಟ್ರಿ ರಾಕ್ ಎಂದರೆ ಬಿಳಿಯರ ಹಳ್ಳಿಹಾಡು ಮಾತ್ರ ಎಂದು ಬರೆಯುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ‘ದಿ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್’ ಆಲ್ಬಮ್ಮಿನಲ್ಲಿರುವ ‘ಡೂ ರೈಟ್ ವುಮನ್’ ಗೀತೆಯನ್ನು 1967ರಲ್ಲಿ ಹಾಡಿ ಜನರಿಗೆ ಮುಟ್ಟಿಸಿದವರು ಕಪ್ಪು ಜನಾಂಗದ ಮಹಾನ್ ಗಾಯಕಿ ಅರೀತಾ ಫ್ರಾಂಕ್ಲಿನ್. ಸೋಲ್ ಎಂಬ ಕಪ್ಪು ಜನರ ಭಾವಪೂರ್ಣ ಸಂಗೀತದ ಆ ಬೇರನ್ನು ಕಡಿದರೆ ಈ ಬ್ಯಾಂಡಿನ ಅರ್ಧ ಜೀವವೇ ಹೋಗುತ್ತದೆ.

ಆಲ್ಬಮ್ಮಿನ ಮೊದಲ ಹಾಡು ‘ಕ್ರಿಸ್ಟೀನ್ಸ್ ಟ್ಯೂನ್’ ಅನ್ನು ಹಾಕಲು ಮಗನಿಗೆ ಹೇಳಿ. ಬ್ಯಾಂಡಿನ ವಾದಕ ಸ್ನೀಕಿ ಪೀಟ್ ಕ್ಲೈನೊ ಪೆಡಲ್ ಸ್ಟೀಲಿನ ನಾದವನ್ನು ಫಜ್ ಎಂಬ ಉಪಕರಣದ ಮೂಲಕ ಹಾಯಿಸಿ, ರಾಕ್ ಗಿಟಾರಿನಂತೆ ಒರಟೊರಟಾಗಿ ಗುರುಗುಟ್ಟಿಸಿದ್ದಾರೆ. ಅದು ಮುಗಿದೊಡನೆ ‘ಸಿನ್ ಸಿಟಿ’ಯನ್ನು ಕೇಳಿದರೆ, ನೀವು ರೇಡಿಯೊದಲ್ಲಿ ಕೇಳಿದ್ದ ಆ ಜಾರುವ ನಾದ ಸ್ಪಷ್ಟವಾಗಿ ಸಿಗುತ್ತದೆ.