ಹೈಕುವಿನಲ್ಲಿ ಮಾಯವಾದ ಕಡತ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನಲ್ಲಿರುವ ಹೈಕು ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ ನಡೆಸುತ್ತೇನೆ. ಟಿಎಂಪಿ (ತಾತ್ಕಾಲಿಕ ಕಡತಗಳ) ಫೋಲ್ಡರಿನಲ್ಲಿ ಇಟ್ಟಿದ್ದ ಫೋಟೊ, ಟಿಪ್ಪಣಿಗಳು ಕರೆಂಟು ಹೋಗಿ ಬಂದ ಮೇಲೆ ಇಲ್ಲ. ಮರಳಿ ಸಿಗುತ್ತವೆಯೇ?
– ಓದುಗರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಕರೆಂಟನ್ನು ಬೈದು ಫಲವಿಲ್ಲ. ಹೈಕು ಪ್ರತಿ ಸಲ ಬೂಟ್ ಆಗುವಾಗ ಟಿಎಂಪಿಯನ್ನು ಗುಡಿಸಿ ಹಾಕುತ್ತದೆ. ಹಾಗೆ ಹೋದದ್ದು ಟ್ರ್ಯಾಶ್‌ನಲ್ಲೂ ಇರುವುದಿಲ್ಲ. ಇನ್ನು ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲೇಬೇಡಿ, ಹೊಸ ಮಾಹಿತಿ ಹಳೆಯ ಕಡತಗಳಿದ್ದ ಜಾಗದ ಮೇಲೆ ಕೂರುತ್ತದೆ. ಲಿನಕ್ಸ್ ಯಂತ್ರಕ್ಕೆ ಹಾಕಿ, ಡಿಡಿ ಕಮಾಂಡ್‌ನಿಂದ ಇಡೀ ಪೆನ್‌ಡ್ರೈವ್‌ನ ಇಮೇಜನ್ನು (ಯಥಾವತ್ ನಕಲನ್ನು) ಆ ಯಂತ್ರದ ಡಿಸ್ಕಿಗೆ ತೆಗೆಯಿರಿ (ಮೂಲ, ಗುರಿ ಅದಲುಬದಲಾದರೆ ಮುಗಿಯಿತು). ಇಮೇಜಿನ ಮೇಲೆ ಅಳಿದ ಕಡತ ಹುಡುಕುವ ಫೋಟೊರೆಕ್ ತಂತ್ರಾಂಶ ಓಡಿಸಿ, ಫೈಲ್‌ಸಿಸ್ಟಮ್ ಕೇಳಿದಾಗ 'ಅದರ್' ಆರಿಸಿ. ಕಡತದ ಮೂಲ ಹೆಸರು ಬರುವುದಿಲ್ಲ. ಜೇಪೆಗ್ ಫೋಟೊಗಳಿಗೆ ಆಸೆಯಿದೆ. ಟಿಪ್ಪಣಿಗಳು ಸಿಕ್ಕರೆ ಅದೃಷ್ಟ. ಹೈಕುವಿನ ಡಿಸ್ಕ್ ತಪಾಸಣೆಯ ಕಮಾಂಡ್ ಚೆಕ್‌ಎಫ್‌ಎಸ್ ಇದಕ್ಕೆ ಮದ್ದಲ್ಲ, ಅದು ಅಳಿದ ಕಡತವನ್ನು ಮರಳಿ ತರುವುದಿಲ್ಲ. ಉಳಿಸಬೇಕಾದದ್ದನ್ನು ಹೋಮ್ ಫೋಲ್ಡರಿನಲ್ಲೇ ಇಡಿ.