ಓಡಿ ನಿಂತ ಕೂಡಲೇ ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ. ಓಟ ನನಗೆ ಒಗ್ಗುವುದಿಲ್ಲವೇ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 32, ಊರು ಉಪ್ಪಳ, ಓಟ ಶುರು ಮಾಡಿ ಮೂರು ವಾರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಕಿಲೋಮೀಟರ್ ಓಡಿ ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ, ವಾಕರಿಕೆ ಆಗುತ್ತದೆ, ಕೆಲವು ದಿನ ಮಧ್ಯಾಹ್ನದವರೆಗೂ ತಲೆನೋವು ಇರುತ್ತದೆ ಎಂದಿದ್ದೀರಿ. ಓಟ ನಿಮಗೆ ಆಗದು ಎಂದು ಈಗಲೇ ತೀರ್ಮಾನ ಮಾಡಬೇಡಿ.

ನಾನು ಕುಂಬಳೆ ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ಟ್ರು, ಡಾಕ್ಟರ್ ಅಲ್ಲ. ನೀವು ಹೇಳಿದ್ದನ್ನೇ ಪ್ರತಿ ವರ್ಷ ಕ್ರೀಡಾಕೂಟದ ತಯಾರಿಯ ಹೊತ್ತಿಗೆ ಮಕ್ಕಳಲ್ಲಿ ನೋಡುತ್ತೇನೆ. ಹೆಚ್ಚಿನ ಸಲ ಕಾರಣ ಎರಡೇ. ವೇಗ ಜಾಸ್ತಿ, ಮತ್ತೆ ಗಕ್ಕನೆ ನಿಲ್ಲುವುದು. ನಮ್ಮ ಕರಾವಳಿಯಲ್ಲಿ ಇವೆರಡರ ಮೇಲೆ ಸೆಕೆಯೂ ಸೇರಿಕೊಳ್ಳುತ್ತದೆ.

ಮೊದಲು ನಿಲ್ಲುವ ವಿಷಯ. ಓಡುವಾಗ ಕಾಲಿನ ರಕ್ತನಾಳಗಳು ಅಗಲವಾಗಿರುತ್ತವೆ. ಮೀನಖಂಡದ ಸ್ನಾಯು ಬಿಗಿದು ಸಡಿಲವಾಗುತ್ತಾ ಆ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ನೀವು ಒಮ್ಮೆಲೇ ನಿಂತರೆ ಒತ್ತುವ ಕೆಲಸವೂ ನಿಲ್ಲುತ್ತದೆ, ಆದರೆ ನಾಳಗಳು ಇನ್ನೂ ಅಗಲವಾಗಿಯೇ ಇರುತ್ತವೆ. ರಕ್ತ ಕಾಲಲ್ಲೇ ಉಳಿದು ಬಿಪಿ ಇಳಿಯುತ್ತದೆ, ತಲೆ ತಿರುಗುತ್ತದೆ. ಅದಕ್ಕೇ ಕೊನೆಯ ಐದರಿಂದ ಹತ್ತು ನಿಮಿಷ ನಡೆಯಿರಿ. ಎಷ್ಟೇ ಸುಸ್ತಾದರೂ ಸರಿ, ನಿಧಾನವಾಗಿಯಾದರೂ ನಡೆಯುತ್ತಲೇ ಇರಿ. ಕಣ್ಣು ಮಂಜಾಯಿತು ಅನ್ನಿಸಿದರೆ ಮಾತ್ರ ಕೂಡಲೇ ಮಲಗಿ ಕಾಲನ್ನು ಎತ್ತರದಲ್ಲಿ ಇಡಿ. ನಿಂತೇ ಸುಧಾರಿಸಿಕೊಳ್ಳಲು ಹೋದವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ.

ವಾಕರಿಕೆಗೆ ಕಾರಣ ಹೆಚ್ಚಾಗಿ ವೇಗವೇ. ಶ್ರಮ ಜಾಸ್ತಿಯಾದಷ್ಟೂ ರಕ್ತ ಹೊಟ್ಟೆಯನ್ನು ಬಿಟ್ಟು ಸ್ನಾಯುಗಳಿಗೂ ಚರ್ಮಕ್ಕೂ ಹೋಗುತ್ತದೆ, ಹೊಟ್ಟೆ ತೊಳಸಿದ ಹಾಗಾಗುತ್ತದೆ. ನಿಮ್ಮ ವೇಗ ಸರಿಯಾ ಎಂದು ತಿಳಿಯಲು ವಾಚು, ಆಪ್ ಏನೂ ಬೇಡ. ಓಡುತ್ತಾ ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ. ಇಳಿಸಿದರೂ ಏದುಸಿರು ಬರುತ್ತದಾ? ಹಾಗಾದರೆ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ, ಇಪ್ಪತ್ತು ನಿಮಿಷ ಹೀಗೇ ಮಾಡಿ. ವಾರಕ್ಕೆ ಮೂರು ದಿನ ಸಾಕು, ಮಧ್ಯೆ ಬಿಡುವು ಕೊಡಿ. ಇದು ಓಟವೇ ಅಲ್ಲ ಎಂದು ಯಾರಾದರೂ ಹೇಳಿದರೆ ತಲೆಗೆ ಹಾಕಿಕೊಳ್ಳಬೇಡಿ. ಉಪ್ಪಳದ ಕಡಲ ತೀರದಲ್ಲಿ ಓಡುವುದಾದರೆ ನೀರು ಇಳಿದಾಗ ಸಿಗುವ ಗಟ್ಟಿ ಮರಳಿನ ಮೇಲೆ ಓಡಿ. ಸಡಿಲ ಮರಳಿನಲ್ಲಿ ಅದೇ ದೂರಕ್ಕೆ ಶ್ರಮ ಎಷ್ಟೋ ಜಾಸ್ತಿ.

ಇನ್ನು ಸೆಕೆ. ಇದನ್ನು ನಮ್ಮವರು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ. ಬೆಂಗಳೂರಿನಲ್ಲಿ ಕೂತವರು ಬರೆದ ಓಟದ ವೇಳಾಪಟ್ಟಿಯನ್ನು ಹಾಗೇ ಇಲ್ಲಿಗೆ ತರುತ್ತಾರೆ. ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ, ಆ ಬೆವರು ಆರಿದರೆ ಮಾತ್ರ ತಣ್ಣಗಾಗುವುದು. ಗಾಳಿಯಲ್ಲಿ ತೇವ ತುಂಬಿರುವಾಗ, ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ, ಅದು ಆರುವುದೇ ಇಲ್ಲ. ಬೆಳಗಿನ ಜಾವ ತಂಪು ನಿಜ, ಆದರೆ ಗಾಳಿಯಲ್ಲಿ ತೇವದ ಪ್ರಮಾಣ ಹೆಚ್ಚಾಗಿ ಆಗಲೇ ಅತಿ ಜಾಸ್ತಿ. ಬಿಸಿಲಿಲ್ಲ ಅಲ್ವಾ ಎಂದು ಜೋರಾಗಿ ಓಡಿದವರಿಗೆ ಮೈ ಕಾದಿರುವುದು ಗೊತ್ತೇ ಆಗುವುದಿಲ್ಲ. ಸೆಕೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅದೂ ದಿನಾ ಸ್ವಲ್ಪ ಸ್ವಲ್ಪವೇ ಮೈಯೊಡ್ಡಿದರೆ. ಮಾರ್ಚಿನಿಂದ ಮೇವರೆಗೆ ನಾನು ಮಕ್ಕಳ ಓಟದ ದೂರವನ್ನು ಕಡಿಮೆ ಮಾಡಿಬಿಡುತ್ತೇನೆ.

ಖಾಲಿ ಹೊಟ್ಟೆಯಲ್ಲಿ ಓಡುವುದು ಎಲ್ಲರಿಗೂ ಆಗುವುದಿಲ್ಲ. ಅರ್ಧ ಗಂಟೆ ಮೊದಲು ಒಂದು ಕದಳಿ ಬಾಳೆಹಣ್ಣು, ಅರ್ಧ ಲೋಟ ನೀರು ತೆಗೆದುಕೊಂಡು ನೋಡಿ. ಹೊಟ್ಟೆ ತುಂಬ ತಿಂಡಿ ತಿಂದರೆ ಎರಡು ಮೂರು ಗಂಟೆಯಾದರೂ ಬಿಡಬೇಕು. ಮಧ್ಯಾಹ್ನದ ತಲೆನೋವು ನೀರು, ಉಪ್ಪು ಕಡಿಮೆಯಾಗಿ ಬರುತ್ತಿರಬಹುದು. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಎಂದರ್ಥ. ಹಾಗೆಂದು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿದರೂ ವಾಕರಿಕೆ, ತಲೆನೋವು ಬರುತ್ತದೆ, ಅದು ಅಪಾಯ. ಬಾಯಾರಿದಷ್ಟು ಕುಡಿಯಿರಿ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋದ ಸೋಡಿಯಂ ಕಡಿಮೆ. ಓಡಿ ಬಂದ ಮೇಲೆ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಒಂದು ಚೂರು ಉಪ್ಪಿನಕಾಯಿ ನೆಂಚಿಕೊಂಡು ಉಣ್ಣಿ. ಉಪ್ಪು ಹಾಕಿದ ಮಜ್ಜಿಗೆ ನೀರೂ ಆಗುತ್ತದೆ. ಬಿಪಿ ಇದ್ದವರು ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಬೇಕು.

ಇಷ್ಟು ಮಾಡಿ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಬಿಪಿ, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿ. ರಕ್ತಹೀನತೆ ಇದ್ದರೂ ಹೀಗೇ ಆಗುತ್ತದೆ. ಇಷ್ಟಕ್ಕೆಲ್ಲ ಮಂಗಳೂರಿಗೆ ಹೋಗಬೇಕಾಗಿಲ್ಲ, ಹತ್ತಿರದ ಆರೋಗ್ಯ ಕೇಂದ್ರ ಸಾಕು.

ಕೆಲವಕ್ಕೆ ಮಾತ್ರ ಎರಡು ವಾರ ಕಾಯಲೇಬಾರದು. ಓಡುತ್ತಿರುವಾಗಲೇ ಎಚ್ಚರ ತಪ್ಪುವುದು, ಎದೆ ಬಿಗಿಯುವುದು ಅಥವಾ ನೋಯುವುದು, ಎದೆಬಡಿತ ತಾಳ ತಪ್ಪುವುದು, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುವುದು. ಇವುಗಳಲ್ಲಿ ಒಂದು ಕಂಡರೂ ಓಟ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಾಣಿ. ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಜೊತೆಗೆ ಓಡುವವರ ಮೈ ಸುಡುತ್ತಿದ್ದು, ಮಾತು ತೊದಲಿ ಗಲಿಬಿಲಿ ಆದರೆ ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿ.

ನೀವು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ, ತಲೆ ತಿರುಗುವುದು ನಿಂತ ಮೇಲೆ ಮಾತ್ರವಾ, ಓಡುವಾಗಲೂ ಇದೆಯಾ? ಇದನ್ನು ಬರೆದು ತಿಳಿಸಿ.