ಆ ಅಪ್ಪನ ಮನೆಯಲ್ಲಿ ಕರುವಾದರೂ ಉಳಿದಿತ್ತು

"ದೇವರೇ ನನ್ನನ್ನು ಕ್ಷಮಿಸಿದ್ದಾರೆ. ಇವಳಿಗೆ ಎಂತ ಕಷ್ಟ?"

ಕಾಸರಗೋಡಿನ ಈ ಕಡೆ ಕುಟುಂಬ ಸಲಹೆ ಕೊಡುವ ನನ್ನಂಥವರಿಗೆ ಈ ಪ್ರಶ್ನೆ ಹೊಸತಲ್ಲ. ಧ್ಯಾನಕೂಟಕ್ಕೆ ಹೋಗಿ ಬಂದವರು ಕೇಳುತ್ತಾರೆ. ಮಾಲೆ ಹಾಕಿ 41 ದಿನದ ವ್ರತ ಮುಗಿಸಿದವರು ಕೇಳುತ್ತಾರೆ. ಮದ್ಯವರ್ಜನ ಶಿಬಿರದಿಂದ ಬಂದವರೂ ಕೇಳುತ್ತಾರೆ. ಈ ಸಲ ಅದಕ್ಕೆ ಒಬ್ಬ ಹೆಂಡತಿ ಕೊಟ್ಟ ಉತ್ತರ ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಆತ ಕೊಂಕಣಿ ಕ್ರೈಸ್ತ ಮನೆಯವರು. ಮಂಜೇಶ್ವರದಿಂದ ಬೇಳದವರೆಗೆ ಇಂಥ ಮನೆಗಳು ತುಂಬ ಇವೆ. 1956ರಲ್ಲಿ ಊರು ಕೇರಳಕ್ಕೆ ಹೋದರೂ ಇಲ್ಲಿನ ಕೊಂಕಣಿ ಇಗರ್ಜಿಗಳು (ಚರ್ಚುಗಳು) ಇವತ್ತಿಗೂ ಮಂಗಳೂರು ಧರ್ಮಪ್ರಾಂತಕ್ಕೇ ಸೇರಿವೆ. ಆತನಿಗೆ ಇಗರ್ಜಿ ಅಂದರೆ ಮದುವೆ ಮತ್ತು ಸಾವು, ಅಷ್ಟೇ. ಕುಡಿತ ಇತ್ತು. ಉಲಾಯಿ ಪಿದಾಯಿ ಅನ್ನುವ ಇಸ್ಪೀಟು ಜೂಜು ಇತ್ತು. ಹೆಂಡತಿಯ ಒಂಬತ್ತು ಪವನ್ ಚಿನ್ನ ಗಿರವಿಗೆ ಹೋಗಿ ಹರಾಜಾಯಿತು. ಆಮೇಲೆ ಆಕೆಯ ಅಣ್ಣನ ಜಾಮೀನಿನ ಮೇಲೆ ಸೊಸೈಟಿಯಲ್ಲಿ ಸಾಲ. ನೋಟಿಸು ಬಂದ ವಾರವೇ ಆತ ಮುಂಬೈಗೆ ಹೋದರು. ಅಣ್ಣ ಕಂತು ಕಟ್ಟಿದರು. ಆಕೆ ಬೀಡಿ ಕಟ್ಟಿ, ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಲ್ಲಿ ಸಾಲ ತೆಗೆದು ಮಗಳನ್ನು ಓದಿಸಿದರು.

ಕೆಲವು ವರ್ಷ ಕಳೆದು ಆತ ವಾಪಸ್ ಬಂದರು. ಬೇರೆಯೇ ಮನುಷ್ಯ. ಮುಂಬೈಯಲ್ಲಿ ಒಂದು ಪ್ರಾರ್ಥನಾ ಕೂಟದವರು ಕೈಹಿಡಿದಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ, ದಿನಾ ಬೈಬಲ್. ಇದು ನಾಟಕ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನಂಬಿಕೆ ಹಿಡಿದು ಎದ್ದು ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆತ ಒಂದೇ ರಾತ್ರಿಯಲ್ಲಿ ಬಾಟಲಿ ಬಿಟ್ಟದ್ದನ್ನು ಪವಾಡದ ಹಾಗೆ ಹೇಳುತ್ತಾರೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಹಾಗೆ ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಪ್ರಾರ್ಥನೆ ಮಾಡಿ, ಆದರೆ ಡಾಕ್ಟರ ಹತ್ತಿರ ಹೋಗಿಯೇ ಬಿಡಿಸಿ.)

ಆತನಿಗೆ ಬೇಕಿದ್ದದ್ದು ಒಂದೇ. ಹೆಂಡತಿ ಮನೆಗೆ ಸೇರಿಸಿಕೊಳ್ಳಬೇಕು, ಅದೂ ಕ್ರಿಸ್ಮಸ್ಸಿನ ಮೊದಲು. ಕೂಟದಲ್ಲಿ ಸಾಕ್ಷಿ ಹೇಳುವುದಿತ್ತು, ಅಂದರೆ ತಾನು ಬದಲಾದ ಕಥೆಯನ್ನು ಎಲ್ಲರ ಮುಂದೆ ಹೇಳುವುದು. ಹೆಂಡತಿ ಪಕ್ಕದಲ್ಲಿ ನಿಂತರೆ ಸಾಕ್ಷಿಗೆ ತೂಕ ಬರುತ್ತದೆ ಅಂತ ಯಾರೋ ಹೇಳಿದ್ದರಂತೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ ಆತ ಬೈಬಲ್ ತಂದಿದ್ದರು. ಪ್ಲಾಸ್ಟಿಕ್ ಹೊದಿಕೆ, ಒಳಗೆಲ್ಲ ಬಾಲ್ ಪೆನ್ನಿನ ಗೆರೆ. ಮಾತಿಗೆ ಮೊದಲು ಓದುತ್ತೇನೆ ಅಂದರು. ಬೇಡ ಅನ್ನೋಣ ಅಂತಿದ್ದೆ. ಆಕೆಯೇ "ಓದಲಿ ಮೇಡಂ" ಅಂದರು. ಲೂಕನ 15ನೇ ಅಧ್ಯಾಯ, ದುಂದುಗಾರ ಮಗನ ಸಾಮತಿ. ತನ್ನ ಪಾಲು ತಗೊಂಡು ಹೋಗಿ ಎಲ್ಲ ಹಾಳು ಮಾಡಿ ವಾಪಸ್ ಬಂದ ಕಿರಿಯ ಮಗನನ್ನು ಅಪ್ಪ ಔತಣ ಮಾಡಿಸಿ ಸೇರಿಸಿಕೊಳ್ಳುವ ನೀತಿಕಥೆ. ಚೆನ್ನಾಗಿಯೇ ಓದಿದರು. ಅಪ್ಪ ಓಡಿ ಬಂದು ಮಗನನ್ನು ತಬ್ಬಿಕೊಳ್ಳುವಲ್ಲಿ ಗಂಟಲು ಕಟ್ಟಿತು. ಆಕೆ ತಲೆ ತಗ್ಗಿಸಿ ಹೆಬ್ಬೆರಳಿನ ಉಗುರು ಸವರುತ್ತಾ ಕೂತಿದ್ದರು. ಬೀಡಿಯ ಬಾಯಿ ಮಡಚಿ ಮಡಚಿ ಸವೆದ ಉಗುರು.

ಓದಿ ಮುಗಿಸಿದ ಮೇಲೆ ಆಕೆ ಕೇಳಿದರು. "ಆ ಕರುವಿನದ್ದು ಇನ್ನೊಮ್ಮೆ ಓದಿ."

ಆತ ಓದಿದರು. ಕೈಗೆ ಉಂಗುರ, ಕಾಲಿಗೆ ಮೆಟ್ಟು, ಕೊಬ್ಬಿದ ಕರು.

"ಹಾಗಾದ್ರೆ ಕರು ಉಳಿದಿತ್ತು, ಅಲ್ವಾ?" ಅಂದರು ಆಕೆ. "ಹಟ್ಟಿಯಲ್ಲಿ ಕರು ಇತ್ತು. ತೊಡಿಸ್ಲಿಕ್ಕೆ ಉಂಗುರ ಇತ್ತು. ನೀವು ಹೋಗುವಾಗ ನನ್ನ ಕೈಯಲ್ಲಿ ಉಂಗುರ ಬಿಟ್ಟು ಹೋಗಿದ್ರಾ? ಆ ಹುಡುಗ ಹಾಳು ಮಾಡಿದ್ದು ಅವನ ಪಾಲು. ನೀವು ಹಾಳು ಮಾಡಿದ್ದು ನನ್ನ ಪಾಲು. ನನ್ನ ಅಣ್ಣನ ಪಾಲು."

ಜೋರು ಮಾಡಲಿಲ್ಲ, ಅಳಲೂ ಇಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ಆತ ಪುಸ್ತಕ ಮುಚ್ಚಿದರು.

ಈ ಸಾಮತಿಯ ಮೇಲೆ ಚಿಕ್ಕಂದಿನಿಂದ ಎಷ್ಟೋ ಪ್ರವಚನ ಕೇಳಿದ್ದೇನೆ. ತಮ್ಮನಿಗೆ ಔತಣ ಅಂತ ಒಳಗೆ ಬಾರದೆ ಅಂಗಳದಲ್ಲಿ ಸಿಟ್ಟು ಮಾಡಿಕೊಂಡು ನಿಂತ ಹಿರಿಯ ಮಗನಿಗೆ ಬೈಗುಳ ತಪ್ಪಿದ್ದಿಲ್ಲ. ಆದರೆ ಅಪ್ಪ ಅವನಿಗೆ ಹೇಳುವ ಮಾತನ್ನು ಯಾರೂ ಹೆಚ್ಚು ಎಳೆದು ಹೇಳುವುದಿಲ್ಲ. ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ಅಂದರೆ ವಾಪಸ್ ಬಂದ ಮಗನಿಗೆ ಅಪ್ಪುಗೆ ಸಿಕ್ಕಿತು, ಊಟ ಸಿಕ್ಕಿತು. ಹಿರಿಯವನ ಪಾಲು ಹಿರಿಯವನಿಗೇ ಉಳಿಯಿತು.

ನಾನು ಆತನಿಗೆ ನಾಲ್ಕು ಅಧ್ಯಾಯ ಮುಂದೆ ಹೋಗಿ ಅಂದೆ. ಲೂಕ 19, ಸುಂಕದವರ ಮುಖ್ಯಸ್ಥ ಜಕ್ಕಾಯ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂತ ಆತನೇ ಹೇಳುತ್ತಾನೆ. ಯಾರೂ ಕೇಳಿರಲಿಲ್ಲ. ಈ ಮನೆಗೆ ಇಂದು ರಕ್ಷಣೆ ಬಂತು ಅಂತ ಯೇಸು ಹೇಳುವುದು ಆ ಮಾತಿನ ನಂತರ. ನಿಮ್ಮ ಕಥೆ ಇದು ಅಂದೆ. ಆತನಿಗೆ ಸರಿ ಬರಲಿಲ್ಲ, ಎದ್ದು ಹೋದರು. ಕೆಲವು ವಾರ ಪತ್ತೆಯಿಲ್ಲ.

ಆ ಮಧ್ಯೆ ಕೂಟದ ಮುಖಂಡರೊಬ್ಬರ ಫೋನ್ ಬಂತು. ಕೃಪೆ ಧರ್ಮಾರ್ಥ ಸಿಗುವಂಥದ್ದು, ನೀವು ಅದಕ್ಕೆ ಬೆಲೆ ಕಟ್ಟುತ್ತಿದ್ದೀರಿ ಅಂದರು. ದೇವರ ಕೃಪೆ ಧರ್ಮಾರ್ಥವೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂಬತ್ತು ಪವನ್ ದೇವರದ್ದಲ್ಲ. ಕುಮ್ಸಾರಿನಲ್ಲಿ, ಅಂದರೆ ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡಾಗ, ಪಾಪ ಹೋದರೂ ಪಾಪದಿಂದ ಆದ ಹಾನಿ ತಾನಾಗಿ ಸರಿಯಾಗುವುದಿಲ್ಲ, ಕದ್ದದ್ದನ್ನು ಹಿಂದೆ ಕೊಡಬೇಕು ಅಂತ ನಮ್ಮ ಕಥೋಲಿಕ ಧರ್ಮಬೋಧೆಯ ಪುಸ್ತಕವೇ ಹೇಳುತ್ತದೆ, 1459ನೇ ಪ್ಯಾರಾದಲ್ಲಿ. ಅವರು ಆತನ ಪರ ಮತ್ತೂ ವಾದಿಸಿದಾಗ ನಾನು ಬೈಬಲಿನಲ್ಲಿ ಪೌಲ ಫಿಲೆಮೋನನಿಗೆ ಬರೆದ ಪತ್ರ ನೆನಪಿಸಿದೆ. ಓಡಿಹೋಗಿದ್ದ ಫಿಲೆಮೋನನ ದಾಸ ಒನೇಸಿಮನನ್ನು ವಾಪಸ್ ಕಳಿಸುವಾಗ ಪೌಲ, ಇವನಿಂದ ನಿನಗೆ ಬರಬೇಕಾದದ್ದು ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಅಂತ ಬರೆಯುತ್ತಾನೆ. ನೀವೂ ಹಾಗೆ ಬರೆದುಕೊಡುತ್ತೀರಾ ಅಂತ ಕೇಳಿದೆ. ಸ್ವಲ್ಪ ಖಾರವಾಯಿತೋ ಏನೋ. ಆದರೆ ಆಕೆಗೆ "ಹೆಂಗಸು ಸ್ವಲ್ಪ ಬಗ್ಗಬೇಕು" ಅಂತ ಬುದ್ಧಿ ಹೇಳಲು ಊರಲ್ಲಿ ಜನಕ್ಕೆ ಬರಗಾಲವಿರಲಿಲ್ಲ. ಆ ಸಾಲಿಗೆ ನಾನೂ ಸೇರಬೇಕಾಗಿರಲಿಲ್ಲ.

ಆತ ಮತ್ತೆ ಬಂದರು, ಒಬ್ಬರೇ. ಆಗ ಕೊಟ್ಟ ಸಲಹೆ ಇದು. ಕ್ಷಮಿಸು ಅಂತ ಕೇಳುವುದನ್ನು ಸದ್ಯ ನಿಲ್ಲಿಸಿ. ದಿನಾ ಕೇಳಿದರೆ ಅದೂ ಒಂದು ಒತ್ತಾಯವೇ, ಇಲ್ಲ ಅನ್ನುವ ಭಾರ ದಿನಾ ಆಕೆಯ ಮೇಲೆ ಬೀಳುತ್ತದೆ. ಆಕೆಯ ಮತ್ತು ಮಗಳ ಕಥೆಯನ್ನು ಸಾಕ್ಷಿಯಲ್ಲಿ ಹೇಳಬೇಡಿ, ಅವರು ಒಪ್ಪುವವರೆಗೆ. ಸದ್ಯ ನಿಮ್ಮ ತಂಗಿಯ ಮನೆಯಲ್ಲೇ ಇರಿ. ಯಾರಿಗೆ ಏನು ನಷ್ಟವಾಯಿತು ಅಂತ ಪಟ್ಟಿ ಬರೆಯಿರಿ. ಕುಡಿತ ಬಿಡುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ಈ ಪಟ್ಟಿ, ಒಂಬತ್ತನೆಯದು ತೀರಿಸುವುದು. ತೀರಿಸಲು ಹೋಗಿ ಅವರಿಗೆ ಇನ್ನಷ್ಟು ನೋವಾಗುವ ಹಾಗಿದ್ದರೆ ಬೇಡ ಅಂತಲೂ ಅದರಲ್ಲಿದೆ. ತಿಂಗಳಿಗೆ ಆಗುವಷ್ಟು ದುಡ್ಡು ಆಕೆಯ ಖಾತೆಗೆ ಹಾಕಿ. ಹಾಕಿದೆ ಅಂತ ಫೋನ್ ಮಾಡಬೇಡಿ, ಮೆಸೇಜು ಬ್ಯಾಂಕಿನಿಂದಲೇ ಬರುತ್ತದೆ.

"ಇಷ್ಟೆಲ್ಲ ಮಾಡಿಯೂ ಅವಳು ಸೇರಿಸಿಕೊಳ್ಳದಿದ್ರೆ?" ಅಂದರು.

ಸೇರಿಸಿಕೊಳ್ಳದೆಯೂ ಇರಬಹುದು ಅಂದೆ. ಸುಮ್ನೆ ಆಸೆ ಹುಟ್ಟಿಸುವುದು ನನ್ನ ಕೆಲಸವಲ್ಲ.

ಆಕೆಗೆ ನಾನು ಹೇಳಿದ್ದು ಕಡಿಮೆ. ತೀರ್ಮಾನಕ್ಕೆ ಗಡುವು ಇಲ್ಲ, ದುಡ್ಡು ತಗೊಂಡ ಮಾತ್ರಕ್ಕೆ ಕ್ಷಮಿಸಿದ ಹಾಗೆ ಆಗುವುದಿಲ್ಲ, ಅದು ನಿಮ್ಮದೇ ದುಡ್ಡು ಅಂದೆ. ಅದು ಆಕೆಗೆ ಮೊದಲೇ ಗೊತ್ತಿತ್ತು.

ಆತ ಈಗ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಕ್ರಿಸ್ಮಸ್ ಕಳೆಯಿತು, ಸಾಕ್ಷಿ ಹೇಳಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಮಗಳು ಇಗರ್ಜಿಯ ಅಂಗಳದಲ್ಲಿ ಮಾತಾಡಿಸುತ್ತಾಳೆ. ಹೆಂಡತಿ ಒಟ್ಟಿಗೆ ಇರುವ ಮಾತು ಎತ್ತಿಲ್ಲ, ನಾನು ಕೇಳಿಲ್ಲ. ಆತ ಬರೆದ ಪಟ್ಟಿಯಲ್ಲಿ ಭಾವನ ಹೆಸರು ಮೊದಲಿತ್ತು. ಅಲ್ಲಿಗೇ ಮೊದಲ ಕಂತು ಕೊಂಡುಹೋದರು. ಭಾವ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ದುಡ್ಡು ಎಣಿಸಿ ವಾಪಸ್ ಕೈಗಿಟ್ಟು, "ಮೊದಲು ತಂಗಿಯ ಚಿನ್ನ ಆಗಲಿ, ನನ್ನದು ಆಮೇಲೆ ನೋಡುವ" ಅಂದರಂತೆ. ಈಗ ಪಟ್ಟಿಯಲ್ಲಿ ಹೆಂಡತಿಯ ಹೆಸರು ಮೇಲಿದೆ.